ಕಶೇಳಿಯ ಖಾಡಿಯನ್ನು ದಾಟಿದ ಮಗ್ಗಗಳು

ಠಾಣೆಯಿಂದ ಕಶೇಳಿಯ ಸೇತುವೆಯನ್ನೇರಿ ಖಾಡಿಯನ್ನು ದಾಟಿದವರಿಗೂ, ಕಲ್ಯಾಣದ ದುರ್ಗಾಡಿಯ ಬುಡದಿಂದ ಉಲ್ಹಾಸ ನದಿಯ ಆಚೆ ದಡಕ್ಕೆ ಹೋದವರಿಗೂ ಭಿವಂಡಿಯು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸುತ್ತದೆ. ತಗಡಿನ ಮಾಡಿನ ಶೆಡ್ಡುಗಳಿಂದ ಹೊರಡುವ ಆ ಖಟಪಟ ಸದ್ದು ಹಗಲಿರುಳೆನ್ನದೆ ನಡೆದಿರುತ್ತದೆ. ವಿದ್ಯುತ್ತು ಹೋದಾಗ ಮಾತ್ರ ಗಲ್ಲಿಗಳು ಒಮ್ಮೆಲೆ ಮೌನವಾಗಿ, ಜನರು ತಮ್ಮ ಮಾತು ತಮಗೇ ಕೇಳಿಸಿ ಬೆಚ್ಚುವುದುಂಟು. ನಾವು ಹೋಟೆಲಿನ ವ್ಯವಹಾರದಲ್ಲಿದ್ದ ಕಾಲಕ್ಕೆ ಈ ಶೆಡ್ಡುಗಳ ಕಾರ್ಮಿಕರು ನಮ್ಮ ಗಿರಾಕಿಗಳಾಗಿದ್ದರು. ತಲೆಗೂದಲಿಗೆ ಹತ್ತಿಯ ಎಳೆಗಳನ್ನು ಅಂಟಿಸಿಕೊಂಡು ಬರುವರು. ಎದುರಿಗೇ ಕುಳಿತ ಸಂಗಡಿಗನೊಡನೆ, ಬೀದಿಯಾಚೆಯವನನ್ನು ಕರೆಯುವಷ್ಟು ಎತ್ತರದ ದನಿಯಲ್ಲಿ ಮಾತನಾಡುವರು. ಹೊಸದಾಗಿ ಊರಿನಿಂದ ಬಂದ ಮಾಣಿಗಳು ಅದನ್ನು ಜಗಳವೆಂದೇ ಭ್ರಮಿಸುತ್ತಿದ್ದರು. ಮಗ್ಗದ ಸದ್ದು ಅವರ ಕಿವಿಗಳನ್ನು ಮಂದಗೊಳಿಸಿತ್ತೆಂಬುದು ಮಾಣಿಗಳಿಗೆ ತಿಳಿಯಲು ಕೆಲವು ದಿನಗಳು ಹಿಡಿಯುತ್ತಿದ್ದವು.

ಮುಂಬಯಿಯ ಬಟ್ಟೆ ಗಿರಣಿಗಳು ಏಕೆ ಮುಚ್ಚಿದವೆಂದು ಕೇಳಿದರೆ ನಮ್ಮವರಲ್ಲಿ ಅನೇಕರು ಕೊಡುವ ಉತ್ತರ ಒಂದೇ: ಹೊಸ ಯಂತ್ರಗಳು ಬಂದವು, ಹಳೆಯ ಗಿರಣಿಗಳು ಅವುಗಳ ಎದುರು ನಿಲ್ಲಲಾರದೆ ಹೋದವು. ಈ ಮಾತನ್ನು ನಾವೂ ಗಲ್ಲೆಯ ಹಿಂದೆ ಕುಳಿತು ಎಷ್ಟೋ ಸಲ ಕೇಳಿದ್ದೇವೆ. ಆದರೆ ಗಿರಣಿಗಳನ್ನು ಸೋಲಿಸಿದ ಭಿವಂಡಿಯ ಮಗ್ಗಗಳನ್ನು ಕಣ್ಣಾರೆ ನೋಡಿದವರಿಗೆ ಈ ಉತ್ತರ ಸಮ್ಮತವಾಗಲಾರದು. ಏಕೆಂದರೆ ಆ ಮಗ್ಗಗಳಲ್ಲಿ ಬಹಳಷ್ಟು ಗಿರಣಿಗಳೇ ಬಳಸಿ ಬಿಸುಟವು, ಉಳಿದವು ಅವುಗಳದೇ ಮಾದರಿಯಲ್ಲಿ ಎರಕ ಹೊಯ್ದವು. ಹಳೆಯ ಯಂತ್ರವು ತನ್ನ ಯಜಮಾನನನ್ನೇ ಸೋಲಿಸಿದ ಈ ವಿಚಿತ್ರವು ಹೇಗೆ ಸಂಭವಿಸಿತೆಂಬುದನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ವ್ಯಾಪಾರಿ 1854ರಲ್ಲಿ ಸ್ಥಾಪಿಸಿದ ಬಾಂಬೆ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪೆನಿಯು ತಾಡದೇವದಲ್ಲಿ 1856ರಲ್ಲಿ ಕೆಲಸ ಪ್ರಾರಂಭಿಸಿತು. ಮುಂಬಯಿಯ ಮೊದಲ ಹತ್ತಿಗಿರಣಿ ಅದೇ. ಅದಕ್ಕೂ ಮುಂಚೆ, 1851ರಲ್ಲಿ, ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಹಾಲರ್ ಎಂಬ ಜರ್ಮನ್ ನೇಕಾರನು ಬಲ್ಮಠದಲ್ಲಿ ಹಾರುವ ಲಾಳಿಯ ಮಗ್ಗಗಳನ್ನು ನಿಲ್ಲಿಸಿದ್ದನು. ಕೈಯಿಂದ ಕೈಗೆ ಲಾಳಿಯನ್ನು ಎಸೆಯುತ್ತಿದ್ದ ನೇಕಾರನು ಈ ಮಗ್ಗದಲ್ಲಿ ಒಂದು ಹಗ್ಗವನ್ನು ಸೆಳೆದರೆ ಸಾಕು. ಲಾಳಿ ತಾನಾಗಿ ಈ ಬದಿಯಿಂದ ಆ ಬದಿಗೆ ಹಾರುವುದು. ನೇಯ್ಗೆ ಹೆಚ್ಚಿತು, ನೇಯುವವನು ಮಗ್ಗವನ್ನು ಬಿಟ್ಟೇಳಬೇಕಾಗಲಿಲ್ಲ. ಘಟಪ್ರಭೆಯ ಜಲಬಲದಿಂದ 1887ರಲ್ಲಿ ತಿರುಗತೊಡಗಿದ ಗೋಕಾಕದ ಗಿರಣಿಯನ್ನೂ ಇಲ್ಲಿ ನೆನೆಯಬೇಕು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗನು ಯಂತ್ರವನ್ನು ಇಲ್ಲಿಯೇ ಮೊದಲ ಬಾರಿಗೆ ಕಂಡನೆಂದು ಭಾವಿಸಲು ಕಾರಣವಿಲ್ಲ.

ಗಿರಣಿಗಳ ಮಾಲಿಕರು ಹೊಸತಕ್ಕೆ ಹೆದರುವವರೆಂಬುದೂ ಪೂರ್ಣ ನಿಜವಲ್ಲ. ಜಮಶೇಟಜಿ ಟಾಟಾ ಅವರು 1877ರ ಜನವರಿ 1ರಂದು ನಾಗಪುರದಲ್ಲಿ ತೆರೆದ ಎಂಪ್ರೆಸ್ ಗಿರಣಿಯಲ್ಲಿ 1880ರ ದಶಕದ ಆರಂಭದಲ್ಲಿಯೇ ರಿಂಗ್ ಎಂಬ ನೂಲುವ ಯಂತ್ರವನ್ನು ತರಿಸಿ ಪರೀಕ್ಷಿಸಿದರು. ಆಗ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಮ್ಯೂಲ್ ಎಂಬ ಯಂತ್ರದ್ದೇ ರಾಜ್ಯಭಾರ. ಮ್ಯೂಲಿನ ಗಾಡಿ ಹೊರಕ್ಕೆ ಬರುವಾಗ ನೂಲನ್ನು ಎಳೆದು ಹೊಸೆಯುತ್ತದೆ, ಒಳಕ್ಕೆ ಹೋಗುವಾಗ ಕದಿರಿಗೆ ಸುತ್ತುತ್ತದೆ. ಆ ಹೋಗುಬರುವಿಕೆಯನ್ನು ನೋಡಿಕೊಳ್ಳಲು ಪಳಗಿದ ಕೈ ಬೇಕು. ರಿಂಗಿನಲ್ಲಾದರೋ ಹೊಸೆಯುವುದೂ ಸುತ್ತುವುದೂ ಏಕಕಾಲಕ್ಕೆ, ಬಿಡುವಿಲ್ಲದೆ ಸಾಗುತ್ತವೆ. ಹೊಸಬನೂ ಕೆಲವೇ ದಿನಗಳಲ್ಲಿ ಹರಿದ ಎಳೆಯನ್ನು ಹಚ್ಚಲು ಕಲಿಯುತ್ತಾನೆ. ಚೀನಕ್ಕೆ ದಪ್ಪ ನೂಲನ್ನು ಕಳಿಸುತ್ತಿದ್ದ ನಮ್ಮ ಗಿರಣಿಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಯಂತ್ರಗಳನ್ನು ಮಾರುವ ಊರು ಹಿಂದೆ ಬಿದ್ದು, ಕೊಳ್ಳುವ ಊರು ಮುಂದೆ ನಡೆದ ಪ್ರಸಂಗವಿದು.

ವಿದ್ಯುದ್ದೀಪದ ಕಥೆ ಬೇರೆ. ದೀಪವಿಲ್ಲದ ಕಾಲದಲ್ಲಿ ಗಿರಣಿಯು ಸೂರ್ಯನೊಡನೆ ಏಳುತ್ತಿತ್ತು, ಸೂರ್ಯನೊಡನೆ ಮಲಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಿರಣಿಗಳಲ್ಲಿ ವಿದ್ಯುದ್ದೀಪಗಳು ಉರಿಯತೊಡಗಿದ ಮೇಲೆ ಆ ಮಿತಿಯು ಅಳಿದುಹೋಯಿತು. ಬಟ್ಟೆಗೆ ಬೇಡಿಕೆ ಏರಿದ 1905ರಲ್ಲಿ ಕೆಲವು ಗಿರಣಿಗಳು ದಿನಕ್ಕೆ ಹದಿನಾಲ್ಕು ತಾಸುಗಳಿಗಿಂತಲೂ ಹೆಚ್ಚು ನಡೆದು, ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವಾಯಿತು. ವಯಸ್ಕ ಪುರುಷರ ಕೆಲಸಕ್ಕೆ ಹನ್ನೆರಡು ತಾಸುಗಳ ಮಿತಿಯನ್ನು ಹಾಕಿದ ಕಾಯಿದೆ ಬರಲು 1911ನೇ ಇಸವಿಯೇ ಆಗಬೇಕಾಯಿತು. 1922ರಲ್ಲಿ ಅದು ಹನ್ನೊಂದಕ್ಕಿಳಿಯಿತು. ಗಿರಣಿಗಾರರಿಗೆ ಭಾನುವಾರದ ರಜೆಯು 1890ರ ಜೂನ್ 10ರಂದು ದೊರೆಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ನಾರಾಯಣ ಮೇಘಾಜಿ ಲೋಖಂಡೆಯವರು 1848ರಲ್ಲಿ ನಮ್ಮ ಈ ಠಾಣೆಯಲ್ಲಿಯೇ ಜನಿಸಿದವರು. ಭಾನುವಾರ ಮಧ್ಯಾಹ್ನ ಮೀನು ಸಾರನ್ನುಂಡು ನಿದ್ರಿಸುವ ಠಾಣೆಯ ನಿವಾಸಿಗಳಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆಯೋ ನಾವರಿಯೆವು.

ಮಾಲಿಕನ ಲೆಕ್ಕಾಚಾರವೂ ನಮಗೆ ಅಪರಿಚಿತವಲ್ಲ. ದೋಸೆ ಹಿಟ್ಟಿಗೆ ವಿದ್ಯುತ್ತಿನ ಗ್ರೈಂಡರನ್ನು ತಂದ ಹೋಟೆಲಿಗನು ಮೊದಲು ಯೋಚಿಸುವುದು ಅದು ಎಷ್ಟು ನುಣ್ಣಗೆ ಅರೆಯುತ್ತದೆಂಬುದನ್ನಲ್ಲ. ಸಾಲದ ಕಂತು ತೀರಬೇಕಾದರೆ ಅದು ದಿನಕ್ಕೆ ಎಷ್ಟು ಹೊತ್ತು ತಿರುಗಬೇಕೆಂಬುದನ್ನು. ನಿಂತ ಯಂತ್ರಕ್ಕೂ ಬಡ್ಡಿ ಓಡುತ್ತಿರುತ್ತದೆ. ಆದ್ದರಿಂದ ಯಂತ್ರವನ್ನು ಕೊಂಡವನಿಗೆ ಎರಡು ಆಸೆಗಳು ಸಹಜವಾಗಿಯೇ ಹುಟ್ಟುತ್ತವೆ: ಅದು ಹೆಚ್ಚು ಹೊತ್ತು ನಡೆಯಬೇಕು, ಅದನ್ನು ನಡೆಸುವವರು ಕಡಮೆ ಇರಬೇಕು. ಮೊದಲನೆಯ ಆಸೆಗೆ ಕಾಯಿದೆ ಅಡ್ಡ ಬಂದಿತು. ಎರಡನೆಯದಕ್ಕೆ 1928ರಲ್ಲಿ ಗಿರಣಿಗಾರರೇ ಅಡ್ಡ ನಿಂತರು. ಆ ಕಥೆಯನ್ನು ತಿಳಿಯಬೇಕಾದರೆ ನೇಕಾರನು ಮಗ್ಗದ ಮುಂದೆ ಏನು ಮಾಡುತ್ತಾನೆಂಬುದನ್ನು ಅರಿಯಬೇಕು.

ಸಾದಾ ಯಂತ್ರಮಗ್ಗದಲ್ಲಿ ಹಾಸಿನ ಎಳೆಗಳ ನಡುವೆ ಲಾಳಿಯು ಹೊಕ್ಕಿನ ನೂಲನ್ನು ಹೊತ್ತು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ಓಡುತ್ತದೆ. ಲಾಳಿಯೊಳಗಿನ ಕಂಡಿಕೆ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆಗ ಮಗ್ಗವನ್ನು ನಿಲ್ಲಿಸಿ, ಹೊಸ ಕಂಡಿಕೆಯನ್ನಿಟ್ಟು, ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ನೂಲಿನ ತುದಿಯನ್ನು ಉಸಿರಿನಿಂದ ಹೀರಿ ಹೊರಗೆಳೆಯಬೇಕು. ದಿನಕ್ಕೆ ನೂರಾರು ಸಲ ಹೀಗೆ ಹೀರುವಾಗ ನೂಲಿನೊಡನೆ ಹತ್ತಿಯ ಧೂಳೂ ಎದೆಗೂಡಿಗೆ ಇಳಿಯುತ್ತಿತ್ತು. ಇದರ ನಡುವೆ ಹಾಸಿನ ಎಳೆ ಹರಿದರೆ ಅದನ್ನು ಹುಡುಕಿ ಗಂಟಿಕ್ಕಬೇಕು. ಒಬ್ಬ ನೇಕಾರನು ಎಷ್ಟು ಮಗ್ಗಗಳನ್ನು ನೋಡಿಕೊಳ್ಳಬಲ್ಲನೆಂಬುದು ಅವನ ಚುರುಕುತನವೊಂದನ್ನೇ ಅವಲಂಬಿಸಿದುದಲ್ಲ. ತಾಸಿಗೆ ಎಷ್ಟು ಎಳೆಗಳು ಹರಿಯುತ್ತವೆಂಬುದನ್ನು ಅವಲಂಬಿಸಿದೆ. ಹತ್ತಿ ಕೀಳಾದರೆ, ಗಂಜಿ ಸರಿಯಾಗಿ ಹಿಡಿಯದಿದ್ದರೆ ಎಳೆ ಹರಿಯುತ್ತಲೇ ಇರುತ್ತದೆ. ಲ್ಯಾಂಕಶೈರಿನ ನೇಕಾರರು ನಾಲ್ಕು ಮಗ್ಗಗಳನ್ನು ನೋಡುತ್ತಿದ್ದಾಗ ಮುಂಬಯಿಯವರು ಎರಡನ್ನು ಮಾತ್ರ ನೋಡುತ್ತಿದ್ದರೆಂದು ಹೀಯಾಳಿಸುವವರು ಈ ಮಾತನ್ನು ಮರೆಯುತ್ತಾರೆ.

ಲಾಳಿಯ ಈ ಎಂಜಲಿಗೆ ಇನ್ನೊಂದು ಮುಖವಿತ್ತು. ಗಿರಣಿಯ ಇತರ ಖಾತೆಗಳಿಗಿಂತ ನೇಯ್ಗೆಯಲ್ಲಿ ಸಂಪಾದನೆ ಮೇಲು. ಆದರೆ ಒಬ್ಬನ ಬಾಯಿ ತಾಗಿದ ಲಾಳಿಯನ್ನು ಮತ್ತೊಬ್ಬನು ಮುಟ್ಟಬೇಕಾಗುತ್ತದೆಂಬ ಕಾರಣವನ್ನೊಡ್ಡಿ ಅಸ್ಪೃಶ್ಯರೆನಿಸಿದವರನ್ನು ಆ ಖಾತೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಡಾ. ಅಂಬೇಡ್ಕರ್ ಅವರು 1928ರ ಮುಷ್ಕರದ ನಾಯಕರ ಮುಂದೆ ಈ ಅನ್ಯಾಯವನ್ನು ನೇರವಾಗಿ ಎತ್ತಿ ಆಡಿದರು. ಕಂಡಿಕೆಯನ್ನು ತಾನೇ ಬದಲಿಸಿಕೊಳ್ಳುವ, ಬಾಯಿ ಹಚ್ಚಬೇಕಾಗಿಲ್ಲದ ನಾರ್ತ್ರಪ್ ಮಗ್ಗವು ಅಮೆರಿಕದಲ್ಲಿ 1890ರ ದಶಕದಲ್ಲಿಯೇ ಮಾರಾಟಕ್ಕೆ ಬಂದಿತ್ತು. ಅಂದರೆ ಎದೆಗೆ ಧೂಳು ಇಳಿಯುವುದನ್ನೂ ಎಂಜಲಿನ ನೆಪವನ್ನೂ ಒಟ್ಟಿಗೆ ತಪ್ಪಿಸಬಲ್ಲ ಯಂತ್ರವು ಮೂವತ್ತು ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿತ್ತು! ಅದಕ್ಕೆ ಬೆಲೆ ಹೆಚ್ಚು, ನೂಲೂ ಉತ್ತಮವಾಗಿರಬೇಕು. ಕೂಲಿ ಅಗ್ಗವಾಗಿದ್ದ ಮುಂಬಯಿಗೆ ಅದು ಬೇಡವಾಯಿತು. ಯಾರ ಗಿರಣಿಯ ಬಾಗಿಲು ಅಂಬೇಡ್ಕರರ ಜನರಿಗೆ ಅರ್ಧ ಮಾತ್ರ ತೆರೆದಿತ್ತೋ ಆ ಸಾಲಿನ ದಾದರಿನ ಇಂದು ಮಿಲ್ಲಿನ ನೆಲದಲ್ಲಿಯೇ 2015ರಲ್ಲಿ ಅವರ ಸ್ಮಾರಕಕ್ಕೆ ಶಂಕುಸ್ಥಾಪನೆಯಾದುದು ಕಾಲಮಹಿಮೆ.

ಜಪಾನು ಹೀಗೆ ಕೈಕಟ್ಟಿ ಕುಳಿತಿರಲಿಲ್ಲ. ತೊಯೊಡಾ ಸಾಕಿಚಿ ಎಂಬವರು 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗಗಳನ್ನು ಅಲ್ಲಿ ಒಬ್ಬಳೇ ಹೆಣ್ಣುಮಗಳು ಇಪ್ಪತ್ತಕ್ಕೂ ಹೆಚ್ಚು ನೋಡಿಕೊಳ್ಳುವಂತಾಯಿತು. ನಮಗೆ ತಲೆತಲಾಂತರದಿಂದ ಯಂತ್ರ ಮಾರುತ್ತಿದ್ದ ಓಲ್ಡಮ್ಮಿನ ಪ್ಲಾಟ್ ಬ್ರದರ್ಸ್ ಕಂಪೆನಿಯೇ 1929ರಲ್ಲಿ ಆ ಮಗ್ಗದ ಹಕ್ಕನ್ನು ಜಪಾನಿನಿಂದ ಕೊಂಡುಕೊಂಡಿತು. ಜಪಾನಿನ ಬಟ್ಟೆ ಮುಂಬಯಿಯ ಪೇಟೆಗೆ ಬಂದು ಬಿದ್ದಾಗ ಇಲ್ಲಿಯ ಮಾಲಿಕರು ಹುಡುಕಿದ ಉಪಾಯವಾದರೂ ಏನು? ಮಗ್ಗವನ್ನು ಬದಲಿಸದೆ ಮನುಷ್ಯನನ್ನು ಬದಲಿಸುವುದು. ಎರಡು ಮಗ್ಗಗಳ ನೇಕಾರನಿಗೆ ಅದೇ ಸಾದಾ ಮಗ್ಗಗಳು ಮೂರು; ರಿಂಗಿನ ಒಂದು ಪಕ್ಕವನ್ನು ನೋಡುತ್ತಿದ್ದವನಿಗೆ ಎರಡು ಪಕ್ಕ. ಸಸೂನ್ ಸಮೂಹದ ಗಿರಣಿಗಳಲ್ಲಿ ಇದು ಮೊದಲಾಯಿತು. ಇದಕ್ಕಿಟ್ಟ ಹೆಸರು ರ್‍ಯಾಶನಲೈಸೇಶನ್. ಏಪ್ರಿಲ್ 1928ರಲ್ಲಿ ಸುಮಾರು ಒಂದೂವರೆ ಲಕ್ಷ ಗಿರಣಿಗಾರರು ಹೊರಬಿದ್ದರು. ಮುಷ್ಕರವು ಅಕ್ಟೋಬರಿನವರೆಗೂ ನಡೆಯಿತು. ಫಾಸೆಟ್ ಸಮಿತಿ ನೇಮಕವಾಯಿತು. ಗಿರಣಿ ಕಾಮಗಾರ್ ಯೂನಿಯನ್ ಹುಟ್ಟಿ ಬೆಳೆಯಿತು. ಮೂರು ಮಗ್ಗಗಳ ಪದ್ಧತಿ ಕೆಲವು ಕಡೆ ನಿಂತಿತು, ಬಹಳ ಕಡೆ ನಿಲ್ಲಲಿಲ್ಲ. ಅನೇಕ ವರ್ಷಗಳ ತನಕ ಮುಂಬಯಿಯ ಎಷ್ಟೋ ನೇಕಾರರ ಪಾಲಿಗೆ ಎರಡು ಮಗ್ಗಗಳೇ ಉಳಿದವು.

ಒಳಗೆ ಆಗದ ಈ ಕಾರ್ಯವು ಹೊರಗೆ ಆಗುವುದಕ್ಕೆ ದಾರಿ ಮಾಡಿಕೊಟ್ಟುದು ಇನ್ನೊಂದು ಹೊಸ ತಂತ್ರ. ಲೋಣಾವಳೆಯ ಕೆರೆಗಳ ನೀರನ್ನು ಘಟ್ಟದ ಮೇಲಿನಿಂದ ಕೊಳವೆಗಳಲ್ಲಿಳಿಸಿ ಖೋಪೋಲಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಟಾಟಾ ಕಂಪೆನಿಯು 1915ರಲ್ಲಿ ಅದನ್ನು ಮುಂಬಯಿಯ ಗಿರಣಿಗಳಿಗೆ ಮುಟ್ಟಿಸಿತು. ಅದುವರೆಗೆ ಗಿರಣಿಯೆಂದರೆ ಒಂದು ದೊಡ್ಡ ಉಗಿಯಂತ್ರ, ಒಂದು ಎತ್ತರದ ಚಿಮಣಿ, ಆ ಒಂದೇ ಬಲವನ್ನು ಮಹಡಿ ಮಹಡಿಗೆ ಹಂಚುವ ಉದ್ದನೆಯ ಉಕ್ಕಿನ ದಂಡಗಳು ಮತ್ತು ಪಟ್ಟಿಗಳು. ಅಷ್ಟು ದೊಡ್ಡ ಯಂತ್ರಕ್ಕೆ ನೂರಾರು ಮಗ್ಗಗಳನ್ನು ಕಟ್ಟದಿದ್ದರೆ ಖರ್ಚು ಹುಟ್ಟದು. ವಿದ್ಯುತ್ತಿನ ಸಣ್ಣ ಮೋಟಾರು ಬಂದ ಮೇಲೆ ಈ ನಿರ್ಬಂಧ ಕಳಚಿತು. ಎರಡು ಮಗ್ಗಗಳಿಗೂ ಒಂದು ಮೋಟಾರು ಸಾಕು, ಮನೆಯ ಹಿಂದಿನ ಚಪ್ಪರವೇ ಕಾರ್ಖಾನೆ. ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲಿಯೇ ಯಂತ್ರಮಗ್ಗವನ್ನು ಹೂಡಿ ದಾರಿ ತೋರಿಸಿದ್ದರು. ಉತ್ತರ ಹಿಂದುಸ್ಥಾನದಿಂದ ಬಂದು ಭಿವಂಡಿಯಲ್ಲಿ ಕೈಮಗ್ಗ ಹೂಡಿದ್ದ ಮೋಮಿನ್ ನೇಕಾರರೂ ವಿದ್ಯುತ್ತು ಊರಿಗೆ ಬಂದ ತರುವಾಯ ಅದೇ ದಾರಿ ಹಿಡಿದರು. ಗಿರಣಿಗಳು ಬೇಡವೆಂದು ತೆಗೆದ ಮಗ್ಗಗಳು ಖಾಡಿಯನ್ನು ದಾಟತೊಡಗಿದವು.

ಸರಕಾರದ ಧೋರಣೆಯೂ ಅರಿಯದೆ ಇದಕ್ಕೆ ನೀರೆರೆಯಿತೆಂದು ನಮ್ಮ ಅಭಿಪ್ರಾಯ. ಸ್ವಾತಂತ್ರ್ಯಾನಂತರ ಕೈಮಗ್ಗದವರನ್ನು ಉಳಿಸುವ ಸದುದ್ದೇಶದಿಂದ, 1955ರ ಕರ್ವೆ ಸಮಿತಿಯ ಸಲಹೆಯ ಜಾಡಿನಲ್ಲಿ, ಗಿರಣಿಗಳು ಮಗ್ಗಗಳ ಸಂಖ್ಯೆಯನ್ನು ಹೆಚ್ಚಿಸದಂತೆ 1956ರಲ್ಲಿ ತಡೆ ಹಾಕಲಾಯಿತು. ಗಿರಣಿಗೆ ಕಟ್ಟಿದ ಈ ಒಡ್ಡಿನ ಲಾಭ ಇಳಕಲ್ಲಿನ, ಗುಳೇದಗುಡ್ಡದ ಕೈಮಗ್ಗಕ್ಕೆ ದೊರೆಯಬೇಕಿತ್ತು. ದೊರೆತದ್ದು ಭಿವಂಡಿ, ಮಾಲೇಗಾಂವ, ಇಚಲಕರಂಜಿಗಳ ಯಂತ್ರಮಗ್ಗಗಳಿಗೆ. ಒಂದು ಯಂತ್ರಮಗ್ಗವು ಆರು ಕೈಮಗ್ಗಗಳ ಕೆಲಸವನ್ನು ಕಸಿಯುತ್ತದೆಂದು 1974ರಲ್ಲಿ ಶಿವರಾಮನ್ ಸಮಿತಿ ಲೆಕ್ಕ ಹಾಕಿತು. ಯಾರನ್ನು ಕಾಯಲು ಬೇಲಿ ಹಾಕಿದ್ದರೋ ಅವರ ಹೊಲವನ್ನೇ ಬೇಲಿಯ ಸಂದಿಯಿಂದ ನುಗ್ಗಿದವರು ಮೇಯ್ದರು. ಇತ್ತ ಕಲ್ಯಾಣದ ಶಹಾಡ, ಮೋಹನೆಗಳಲ್ಲಿ ಮರದ ತಿರುಳಿನಿಂದ ರೇಯಾನ್ ಎಳೆ ತೆಗೆಯುವ ಕಾರ್ಖಾನೆಗಳೂ, 1960ರ ದಶಕದಲ್ಲಿ ಠಾಣೆಯ ಬಳಿ ಟೆರಿನ್ ಎಳೆಯ ಕಾರ್ಖಾನೆಯೂ ಎದ್ದವು. ಬರಿಯ ಹತ್ತಿಯನ್ನೇ ನಂಬಿದ್ದ ಗಿರಣಿಗೆ ಇದು ಎರಡನೆಯ ಪೆಟ್ಟು. ಯಾವ ನೂಲು ಕೊಟ್ಟರೂ ನೇಯುವ ಭಿವಂಡಿಗೆ ಹೊಸ ಸರಕು.

ಇಂತಿರಲು 1982ರ ಜನವರಿ 18 ಬಂದಿತು. ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಅರುವತ್ತರಷ್ಟು ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಪರೇಲು, ಲಾಲಬಾಗುಗಳ ಭೊಂಗಾ ಕೂಗುವುದು ನಿಂತಿತು. ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಇಡ್ಲಿ ಇಳಿಸುತ್ತಿದ್ದ ನಮ್ಮವರ ಹೋಟೆಲುಗಳಲ್ಲಿ ಉದ್ರಿ ಪುಸ್ತಕಗಳು ದಪ್ಪವಾದವು. ಕೆಲವರು ಅಂಗಡಿಯನ್ನೇ ಮಾರಿ ಡೊಂಬಿವಲಿ, ಕಲ್ಯಾಣಗಳಿಗೆ ಬಂದರೆಂದು ಹಿರಿಯ ಹೋಟೆಲಿಗರು ಹೇಳುವುದನ್ನು ಕೇಳಿದ್ದೇವೆ. ಗಿರಣಿ ನಿಂತರೆ ಬಟ್ಟೆ ಸಿಗದೆ ಮಾಲಿಕರು ಮಣಿಯುವರೆಂದು ಕಾರ್ಮಿಕರು ನಂಬಿದ್ದರು. 1928ರಲ್ಲಿ ಆ ನಂಬಿಕೆಗೆ ಆಧಾರವಿತ್ತು. 1982ರಲ್ಲಿ ಮಾಲಿಕರು ಭಿವಂಡಿಯಲ್ಲಿ ನೇಯಿಸಿದ ಕೋರಾ ಬಟ್ಟೆಯನ್ನು ತರಿಸಿ, ಬಿಳುಪು ಮಾಡಿ, ಬಣ್ಣ ಹಾಕಿ ತಮ್ಮದೇ ಛಾಪನ್ನು ಒತ್ತಿ ಮಾರಿದರು. ಗಿರಣಿಗಾರನು ಬಿಟ್ಟುಬಂದ ಮಗ್ಗದ ಅಣ್ಣನೋ ತಮ್ಮನೋ ಆದ ಹಳೆಯ ಮಗ್ಗವು ಖಾಡಿಯಾಚೆ ಅವನ ಮುಷ್ಕರವನ್ನು ಮುರಿಯುತ್ತಿತ್ತು. ಆ ಮುಷ್ಕರವನ್ನು ವಿಧ್ಯುಕ್ತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಸರಕಾರವು 1983ರಲ್ಲಿ ಹದಿಮೂರು ಗಿರಣಿಗಳ ಆಡಳಿತವನ್ನು ವಹಿಸಿಕೊಂಡಿತು. ಮುಂದೆ ಗಿರಣಿಗಳ ನೆಲಕ್ಕೆ ಗಿರಣಿಗಿಂತ ಹೆಚ್ಚು ಬೆಲೆ ಬಂದಿತು.

ಆ ನೆಲದ ಒಂದು ಪಾಲಿನಲ್ಲಿ ಕಾರ್ಮಿಕರಿಗೆ ಮನೆಗಳೆಂದು ಗೊತ್ತಾದರೂ ಸರತಿಯಲ್ಲಿರುವವರಿಗೆ ಅದು ಸಾಲದು. 2016ರಲ್ಲಿ ಮ್ಹಾಡಾದ ಲಾಟರಿಯಲ್ಲಿ ಎತ್ತಿದ 2,417 ಮನೆಗಳು ಪನವೇಲಿನ ಕೋನ್ ಎಂಬಲ್ಲಿದ್ದವು. ಚೀಟಿ ಬಂದವರಿಗೆ ಕೀಲಿಕೈ ದೊರೆಯಲು ವರ್ಷಗಳೇ ಹಿಡಿದವು. ತರುವಾಯ ಬದಲಾಪುರದ ಆಚೆಯ ವಾಂಗಣಿ, ಶೇಲು ಗ್ರಾಮಗಳಲ್ಲಿ ಮನೆ ಕೊಡುವ ಯೋಜನೆ ಹೊರಟಾಗ, ಪರೇಲಿನಲ್ಲಿ ದುಡಿದವರಿಗೆ ಅಷ್ಟು ದೂರದ ಮನೆ ಬೇಡವೆಂದು ಗಿರಣಿಗಾರರ ಸಂಘಟನೆಗಳು ಬೀದಿಗಿಳಿದವು. ಈ ಸಾಲಿನಲ್ಲಿ ನಿಂತಿರುವವರಲ್ಲಿ ಕನ್ನಡಿಗರ ಮಕ್ಕಳೂ ಇದ್ದಾರೆ. ತಂದೆಯ ಇ.ಎಸ್.ಐ. ಚೀಟಿ, ಭವಿಷ್ಯನಿಧಿಯ ಕಾಗದ, ಸಂಬಳದ ಚೀಟಿ ಇವುಗಳಲ್ಲಿ ಯಾವುದೊಂದೂ ಉಳಿಯದೆ ಹಕ್ಕನ್ನು ಸಾಬೀತುಪಡಿಸಲಾರದವರು ನಮ್ಮ ಕಚೇರಿಗೂ ಬಂದು ವಿಚಾರಿಸಿ ಹೋಗಿದ್ದಾರೆ.

ಈಗ ಭಿವಂಡಿಯ ಶೆಡ್ಡಿನೊಳಕ್ಕೆ ಬರೋಣ. ಅಲ್ಲಿ ಉತ್ತರ ಪ್ರದೇಶ, ಬಿಹಾರಗಳ ಯುವಕನೊಬ್ಬನೋ ತೆಲಂಗಾಣದ ಪದ್ಮಶಾಲಿಯೊಬ್ಬನೋ ಆರೋ ಎಂಟೋ ಮಗ್ಗಗಳ ನಡುವೆ ಓಡಾಡುತ್ತಿರುತ್ತಾನೆ. ಮುಂಬಯಿಯ ನೇಕಾರನು ಮೂರನೆಯದಕ್ಕೆ ಒಪ್ಪದೆ ಆರು ತಿಂಗಳು ಉಪವಾಸ ಬಿದ್ದಿದ್ದನಲ್ಲ, ಅದೇ ಜಾತಿಯ ಸಾದಾ ಮಗ್ಗಗಳು ಇವು. ಪಾಳಿ ಹನ್ನೆರಡು ತಾಸಿನದು. ಎಂದರೆ 1911ರ ಕಾಯಿದೆಯ ಗಡಿಯಲ್ಲಿಯೇ ನಿಂತದ್ದು. ಕೂಲಿ ಮೀಟರಿನ ಲೆಕ್ಕದಲ್ಲಿ, ಊಟ ಭಿಸ್ಸಿ ಎಂಬ ಖಾನಾವಳಿಯಲ್ಲಿ, ಮಲಗುವುದು ಸರತಿಯ ಮೇಲೆ. 1948ರ ಫ್ಯಾಕ್ಟರಿ ಕಾಯಿದೆಯಂತೆ ವಿದ್ಯುತ್ತಿನಿಂದ ನಡೆಯುವ ಸ್ಥಳದಲ್ಲಿ ಹತ್ತು ಮಂದಿ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಆದುದರಿಂದ ಒಂದೇ ಮಾಡಿನ ಕೆಳಗಿನ ಶೆಡ್ಡನ್ನು ಅಣ್ಣ, ತಮ್ಮ, ಅಳಿಯಂದಿರ ಹೆಸರಿನಲ್ಲಿ ಹೋಳು ಮಾಡಿ ಆ ಸಂಖ್ಯೆ ಬಾರದಂತೆ ನೋಡಿಕೊಳ್ಳುವುದು ರೂಢಿಯಾಯಿತು.

ಶೆಡ್ಡಿನ ಮಾಲಿಕನನ್ನು ರಾಕ್ಷಸನಂತೆ ಚಿತ್ರಿಸುವುದೂ ನ್ಯಾಯವಲ್ಲ. ಅವನಲ್ಲಿ ಹೆಚ್ಚಿನವರಿಗೆ ನೂಲು ಸ್ವಂತದ್ದಲ್ಲ. ವ್ಯಾಪಾರಿಯು ನೂಲು ಕೊಡುತ್ತಾನೆ, ಇವನು ನೇಯ್ದು ಕೊಟ್ಟು ಮಜೂರಿ ಎಣಿಸಿಕೊಳ್ಳುತ್ತಾನೆ. ಬಟ್ಟೆಯ ಪೇಟೆ ಏರಿದಾಗ ಲಾಭ ವ್ಯಾಪಾರಿಗೆ, ಇಳಿದಾಗ ಮೊದಲು ನಿಲ್ಲುವುದು ಇವನ ಮಗ್ಗ. ಯಂತ್ರಗಳನ್ನು ಹೊಸದುಗೊಳಿಸಲೆಂದು ಕೇಂದ್ರ ಸರಕಾರವು 1999ರ ಏಪ್ರಿಲ್ ತಿಂಗಳಲ್ಲಿ ಬಡ್ಡಿಯ ರಿಯಾಯತಿಯ ಯೋಜನೆಯೊಂದನ್ನು ಜಾರಿಗೆ ತಂದಿತು. ಸಾಲಕ್ಕೆ ಅಡವಿಡಲು ಆಸ್ತಿಯೂ ಲೆಕ್ಕಪತ್ರಗಳೂ ಇದ್ದವರಿಗೆ ಅದು ದಕ್ಕಿತು; ಮಜೂರಿಯ ಮೇಲೆ ನೇಯುವವನಿಗೆ ದಕ್ಕಿದ್ದು ಅಪರೂಪ. ಹೀಗಾಗಿ ನಿಮಿಷಕ್ಕೆ ಆರುನೂರಕ್ಕೂ ಮಿಕ್ಕಿ ಸಲ ಗಾಳಿಯ ಬಲದಿಂದ ಹೊಕ್ಕನ್ನು ಹಾಯಿಸುವ ಮಗ್ಗಗಳು ಲೋಕದಲ್ಲಿ ಸಾಮಾನ್ಯವಾದ ಮೇಲೂ ಭಿವಂಡಿಯ ಲಾಳಿಯು ತನ್ನ ಹಳೆಯ ನಡಿಗೆಯಲ್ಲಿಯೇ ಸಾಗಿತು.

ಆದರೂ ಬದಲಾವಣೆ ತಲೆದೋರಿದೆ. ಹಳೆಯ ಮಗ್ಗಗಳನ್ನು ಕಿತ್ತು ಬೀಡುಕಬ್ಬಿಣದ ತೂಕಕ್ಕೆ ಭಂಗಾರದವನಿಗೆ ಕೊಟ್ಟು, ಲಾಳಿಯಿಲ್ಲದ ರೇಪಿಯರ್ ಮಗ್ಗಗಳನ್ನು ಕೂಡಿಸುವವರು ಕಾಣಿಸತೊಡಗಿದ್ದಾರೆ. ಅವುಗಳಲ್ಲಿಯೂ ಅನೇಕವು ಬೇರೆಲ್ಲೋ ದುಡಿದು ದಣಿದು ಬಂದವೇ. ಈಚೆಗೆ ಅಂಥ ಒಂದು ಶೆಡ್ಡಿಗೆ ಹೋಗಿದ್ದೆವು. ಲಾಳಿಯ ಹೊಡೆತವಿಲ್ಲದ್ದರಿಂದ ಸದ್ದು ನಿಜವಾಗಿಯೂ ಕಡಮೆ. ಎಳೆ ಹರಿದರೆ ಮಗ್ಗ ತಾನಾಗಿ ನಿಂತು ದೀಪ ಹೊತ್ತಿಸುತ್ತದೆ. ಬಾಯಿ ಹಚ್ಚುವ ಮಾತೇ ಇಲ್ಲ. ಹಿಂದೆ ಇಪ್ಪತ್ತನಾಲ್ಕು ಸಾದಾ ಮಗ್ಗಗಳಿದ್ದ ಜಾಗದಲ್ಲಿ ಎಂಟು ಹೊಸ ಮಗ್ಗಗಳಿದ್ದವು, ಅವುಗಳನ್ನು ನೋಡಿಕೊಳ್ಳಲು ಒಬ್ಬನೇ ಹುಡುಗನಿದ್ದನು. ನಮ್ಮೊಡನೆ ಅವನು ಮೆಲುದನಿಯಲ್ಲಿಯೇ ಮಾತನಾಡಿದನು. ಪಾಳಿ ಎಷ್ಟು ತಾಸಿನದೆಂದು ಕೇಳಿದೆವು. ಹನ್ನೆರಡು ಎಂದನು.